ಗ್ರಾಮೀಣ ಸಂಘಗಳಿಗೆ ಸರ್ಕಾರದ ನೆರವು: ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ವಿಷಯಗಳು

ರೈತರು, ಮೀನುಗಾರರು, ಮಹಿಳೆಯರು ಹಾಗೂ ಯುವಜನರು ಗ್ರಾಮ ಮಟ್ಟದಲ್ಲಿ ರಚಿಸಿಕೊಳ್ಳುವ ಸಂಘಟನೆಗಳಿಗೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ವಿವಿಧ ಇಲಾಖೆಗಳ ಮೂಲಕ ಸಾಲ, ಬಡ್ಡಿ ರಿಯಾಯಿತಿ, ಸುತ್ತುನಿಧಿ, ಸಹಾಯಧನ, ವಿಮೆ ಮತ್ತು ತರಬೇತಿಯ ರೂಪದಲ್ಲಿ ನೆರವು ಒದಗಿಸುತ್ತಿವೆ. ಈ ನೆರವನ್ನು ಕೋರಿ ಬರುವ ಸಾರ್ವಜನಿಕರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ "ನಮ್ಮ ಸಂಘಕ್ಕೆ ಯಾವ ಯೋಜನೆ ಇದೆ?" ಎಂಬುದು. ಅದಕ್ಕೂ ಮುಂಚೆ ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ. ಕಾನೂನಿನ ದೃಷ್ಟಿಯಲ್ಲಿ ನಮ್ಮ ಸಂಘ ಯಾವ ಬಗೆಯದು?

ಒಂದೇ ಊರಿನಲ್ಲಿ ಹಾಲು ಉತ್ಪಾದಕರ ಸಂಘ, ಸ್ತ್ರೀಶಕ್ತಿ ಸಂಘ, ಯುವಕ ಸಂಘ ಮತ್ತು ರೈತ ಉತ್ಪಾದಕರ ಸಂಸ್ಥೆ ಇವೆಲ್ಲವನ್ನೂ ಜನರು 'ಸಂಘ' ಎಂದೇ ಕರೆಯುತ್ತಾರೆ. ಆದರೆ ಮೊದಲನೆಯದು ಸಹಕಾರ ಸಂಘಗಳ ಕಾಯ್ದೆಯಡಿ ನೋಂದಣಿಯಾದ ಸಂಸ್ಥೆ. ಎರಡನೆಯದಕ್ಕೆ ನೋಂದಣಿಯೇ ಬೇಕಿಲ್ಲ. ಮೂರನೆಯದು ಸಂಘಗಳ ನೋಂದಣಿ ಕಾಯ್ದೆಯಡಿ ಬರುತ್ತದೆ. ನಾಲ್ಕನೆಯದು ಬಹುತೇಕ ಕಂಪನಿ ಕಾಯ್ದೆಯಡಿ. ನೆರವು ಯಾವ ಇಲಾಖೆಯಿಂದ ಬರಬೇಕು, ಹಣ ಯಾರ ಖಾತೆಗೆ ಜಮೆಯಾಗಬೇಕು, ಸಾಲ ಮರುಪಾವತಿಯಾಗದಿದ್ದಲ್ಲಿ ಯಾರು ಹೊಣೆ, ಲೆಕ್ಕವನ್ನು ಯಾರು ತಪಾಸಣೆ ಮಾಡಬೇಕು ಎಂಬುದೆಲ್ಲವೂ ಈ ವ್ಯತ್ಯಾಸದ ಮೇಲೆ ನಿಂತಿದೆ. ಯೋಜನೆಯ ಪ್ರಕಟಣೆಯನ್ನು ನೋಡಿ ತರಾತುರಿಯಲ್ಲಿ ಸಂಘ ರಚಿಸಿ, ನಂತರ ಆ ಯೋಜನೆಗೆ ಸದರಿ ಸ್ವರೂಪದ ಸಂಘ ಅರ್ಹವಲ್ಲವೆಂದು ತಿಳಿದು ಹಿಂದಿರುಗುವವರ ಸಂಖ್ಯೆ ಕಡಿಮೆಯೇನಲ್ಲ. ಅದಕ್ಕೆಂದು ಖರ್ಚಾದ ಶುಲ್ಕ, ಪ್ರಯಾಣ, ದಿನಗೂಲಿ ಯಾವುದೂ ಮರಳಿ ಬರುವುದಿಲ್ಲ.

ರೈತರ ಸಹಕಾರ ಸಂಘಗಳು

ಈ ವಿಷಯದಲ್ಲಿ ಕರ್ನಾಟಕಕ್ಕೆ ದೀರ್ಘ ಪರಂಪರೆಯಿದೆ. 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಜಾರಿಗೆ ಬಂದ ಮರುವರ್ಷವೇ, ಅಂದರೆ 1905ರಲ್ಲಿ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಇಂದು ರಾಜ್ಯದ ಸಹಕಾರ ಸಂಘಗಳು ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ ಅನ್ವಯ ನಡೆಯುತ್ತವೆ. ಪ್ರಾಥಮಿಕ ಸಂಘವೊಂದರ ನೋಂದಣಿಗೆ ಬೇರೆ ಬೇರೆ ಕುಟುಂಬಗಳಿಗೆ ಸೇರಿದ ಕನಿಷ್ಠ 10 ಮಂದಿ ಅರ್ಜಿಗೆ ಸಹಿ ಮಾಡಬೇಕು. ಒಂದೇ ಮನೆಯ ಅಣ್ಣತಮ್ಮಂದಿರು, ಅವರ ಪತ್ನಿಯರು ಸೇರಿ ಸಂಖ್ಯೆ ತುಂಬಿಸಿದರೆ ಆಗದು.

ರೈತರಿಗೆ ಹೆಚ್ಚು ಪರಿಚಿತವಾಗಿರುವುದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಮೂಲಕ ದೊರೆಯುವ ಶೂನ್ಯ ಬಡ್ಡಿ ದರದ ಬೆಳೆಸಾಲ. 2023-24ನೇ ಸಾಲಿನ ರಾಜ್ಯ ಆಯವ್ಯಯದಲ್ಲಿ ಈ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷ ರೂ.ಗಳಿಂದ 5 ಲಕ್ಷ ರೂ.ಗಳಿಗೂ, ಶೇ. 3ರ ಬಡ್ಡಿ ದರದ ಮಧ್ಯಮಾವಧಿ ಮತ್ತು ದೀರ್ಘಾವಧಿ ಸಾಲದ ಮಿತಿಯನ್ನು 10 ಲಕ್ಷ ರೂ.ಗಳಿಂದ 15 ಲಕ್ಷ ರೂ.ಗಳಿಗೂ ಹೆಚ್ಚಿಸಲಾಯಿತು. ಇಲ್ಲಿ ಎರಡು ಅಂಶಗಳನ್ನು ಗಮನಿಸತಕ್ಕದ್ದು. ಒಂದನೆಯದಾಗಿ, ಮಿತಿ ಎಂದರೆ ಹಕ್ಕಲ್ಲ. ಅದು ಗರಿಷ್ಠ ಮೊತ್ತ ಮಾತ್ರ. ಸಂಘದ ಬಳಿ ಇರುವ ನಿಧಿ, ರೈತರ ಜಮೀನು, ಬೆಳೆಗೆ ನಿಗದಿಯಾದ ಸಾಲದ ಪ್ರಮಾಣ ಇವುಗಳನ್ನು ನೋಡಿ ಸಾಲ ಮಂಜೂರಾಗುತ್ತದೆ. ಎರಡನೆಯದಾಗಿ, ಬಡ್ಡಿಯನ್ನು ರೈತರ ಪರವಾಗಿ ಸರ್ಕಾರ ಭರಿಸುವುದು ಗಡುವಿನೊಳಗೆ ಅಸಲು ಮರುಪಾವತಿಸಿದವರಿಗೆ ಮಾತ್ರ. ಗಡುವು ಮೀರಿದಲ್ಲಿ ಬಡ್ಡಿಯ ಹೊರೆ ರೈತರ ಮೇಲೆಯೇ ಬೀಳುತ್ತದೆ. 'ಶೂನ್ಯ' ಎಂಬ ಪದವನ್ನು ನೆನಪಿಟ್ಟುಕೊಂಡು ಗಡುವಿನ ದಿನಾಂಕವನ್ನು ಮರೆಯುವುದರಿಂದ ಆಗುವ ನಷ್ಟವನ್ನು ಯಾವ ಅರ್ಜಿಯಿಂದಲೂ ಸರಿಪಡಿಸಲು ಸಾಧ್ಯವಾಗುವುದಿಲ್ಲ.

ಹಾಲಿನ ಪ್ರೋತ್ಸಾಹಧನದ ವಿಷಯವೂ ಇದೇ ತರಹದ್ದು. ರಾಜ್ಯ ಸರ್ಕಾರ ಲೀಟರಿಗೆ 5 ರೂ.ಗಳಂತೆ ನೀಡುವ ಈ ಮೊತ್ತ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹಾಲು ಹಾಕುವವರ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಖಾಸಗಿಯವರಿಗೆ ಹಾಲು ಮಾರುವವರಿಗೆ ಇದು ಅನ್ವಯಿಸುವುದಿಲ್ಲ. ಮನೆಯ ಹೆಂಗಸರು ಹಸು ಸಾಕಿ ಹಾಲು ಕರೆದು, ಸದಸ್ಯತ್ವ ಮಾತ್ರ ಮನೆಯ ಯಜಮಾನರ ಹೆಸರಿನಲ್ಲಿದ್ದರೆ ಹಣ ಯಜಮಾನರ ಖಾತೆಗೇ ಹೋಗುತ್ತದೆ. ಸದಸ್ಯತ್ವವನ್ನು ಯಾರ ಹೆಸರಿನಲ್ಲಿ ಪಡೆಯಬೇಕೆಂಬುದನ್ನು ಕುಟುಂಬದಲ್ಲಿ ಕುಳಿತು ಯೋಚಿಸುವುದು ಒಳ್ಳೆಯದು.

ಮಹಿಳಾ ಸ್ವಸಹಾಯ ಗುಂಪುಗಳು

ಸ್ವಸಹಾಯ ಗುಂಪಿನ ಪರಿಕಲ್ಪನೆ ಬೆಳೆದದ್ದರಲ್ಲಿ ಕರ್ನಾಟಕದ ಪಾತ್ರ ದೊಡ್ಡದು. 1980ರ ದಶಕದಲ್ಲಿ ಮೈರಾಡ ಸಂಸ್ಥೆಯು ಸಣ್ಣ ಉಳಿತಾಯ ಗುಂಪುಗಳೊಂದಿಗೆ ನಡೆಸಿದ ಕೆಲಸ, ನಬಾರ್ಡ್ 1992ರಲ್ಲಿ ಆರಂಭಿಸಿದ ಗುಂಪು ಮತ್ತು ಬ್ಯಾಂಕ್ ಜೋಡಣೆ ಕಾರ್ಯಕ್ರಮಕ್ಕೆ ದಾರಿ ಮಾಡಿಕೊಟ್ಟಿತು. ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಆರಂಭವಾಯಿತು. ಅಂಗನವಾಡಿ ಕಾರ್ಯಕರ್ತೆಯರು ಊರೂರಿನಲ್ಲಿ ಗುಂಪುಗಳನ್ನು ರಚಿಸಿದರು. ನಂತರ ಬಂದ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನವನ್ನು ರಾಜ್ಯದಲ್ಲಿ 'ಸಂಜೀವಿನಿ' ಎಂಬ ಹೆಸರಿನಲ್ಲಿ ಅನುಷ್ಠಾನಗೊಳಿಸಲಾಗುತ್ತಿದ್ದು, ಗುಂಪುಗಳು ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟಕ್ಕೆ ಸೇರಿರುತ್ತವೆ. ಸುತ್ತುನಿಧಿ ಮತ್ತು ಸಮುದಾಯ ಬಂಡವಾಳ ನಿಧಿ ಈ ವ್ಯವಸ್ಥೆಯ ಮೂಲಕ ಬರುತ್ತವೆ.

ಗುಂಪಿಗೆ ನೋಂದಣಿ ಅಗತ್ಯವಿಲ್ಲ. 10ರಿಂದ 20 ಮಂದಿ ಸೇರಿ, ಸಭೆ ನಡೆಸಿ, ನಿಯಮಗಳನ್ನು ಬರೆದುಕೊಂಡು, ಪ್ರತಿನಿಧಿಗಳನ್ನು ಆರಿಸಿ, ಬ್ಯಾಂಕಿನಲ್ಲಿ ಗುಂಪಿನ ಹೆಸರಿನಲ್ಲಿ ಉಳಿತಾಯ ಖಾತೆ ತೆರೆದರೆ ಸಾಕು. ನೋಂದಣಿ ಮಾಡಿಸಿಕೊಡುವುದಾಗಿ ಹೇಳಿ ಗುಂಪಿನಿಂದ ಹಣ ಕೇಳುವವರ ಮಾತನ್ನು ನಂಬಬಾರದು. ಉಳಿತಾಯ ಖಾತೆ ತೆರೆಯುವಾಗ ಪದಾಧಿಕಾರಿಗಳ ಗುರುತು ಮತ್ತು ವಿಳಾಸದ ದಾಖಲೆಗಳಿದ್ದರೆ ಸಾಕೆಂದು ಭಾರತೀಯ ರಿಸರ್ವ್ ಬ್ಯಾಂಕ್ ಸ್ಪಷ್ಟಪಡಿಸಿದೆ. ಎಲ್ಲ ಸದಸ್ಯರ ದಾಖಲೆಗಳ ಪರಿಶೀಲನೆಯನ್ನು ಸಾಲ ನೀಡುವ ಹಂತದಲ್ಲಿ ಮಾಡಬಹುದು.

ಬ್ಯಾಂಕ್ ಸಾಲದ ವಿಷಯದಲ್ಲಿ ಅಭಿಯಾನದ ಗುಂಪುಗಳಿಗೆ ಸಂಬಂಧಿಸಿದ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಕೆಲವು ಅಂಶಗಳು ಮಹಿಳೆಯರಿಗೆ ತಿಳಿದಿರುವುದು ಅತ್ಯಗತ್ಯ. ಗುಂಪು ಕನಿಷ್ಠ 6 ತಿಂಗಳು ಸಕ್ರಿಯವಾಗಿರಬೇಕು. ಆದರೆ ಈ 6 ತಿಂಗಳನ್ನು ಗುಂಪಿನ ಲೆಕ್ಕದ ಪುಸ್ತಕಗಳಿಂದ ಎಣಿಸಬೇಕೇ ಹೊರತು ಬ್ಯಾಂಕ್ ಖಾತೆ ತೆರೆದ ದಿನಾಂಕದಿಂದಲ್ಲ. ಖಾತೆ ತೆರೆಯಲು ನಾಲ್ಕು ತಿಂಗಳು ತಡವಾಗಿದ್ದರೂ ಪುಸ್ತಕ ಸರಿಯಾಗಿದ್ದರೆ ಆ ನಾಲ್ಕು ತಿಂಗಳು ನಷ್ಟವಾಗುವುದಿಲ್ಲ. 10 ಲಕ್ಷ ರೂ.ವರೆಗಿನ ಸಾಲಕ್ಕೆ ಅಡಮಾನ ಕೇಳುವಂತಿಲ್ಲ, ಗುಂಪಿನ ಉಳಿತಾಯ ಖಾತೆಯ ಹಣವನ್ನು ಸಾಲಕ್ಕೆ ಭದ್ರತೆಯಾಗಿ ತಡೆಹಿಡಿಯುವಂತಿಲ್ಲ, ಸಾಲ ಮಂಜೂರು ಮಾಡಲು ಠೇವಣಿ ಇಡಬೇಕೆಂದು ಒತ್ತಾಯಿಸುವಂತಿಲ್ಲ. ಒಬ್ಬಿಬ್ಬರು ಸದಸ್ಯರು ಬ್ಯಾಂಕಿನಲ್ಲಿ ಸುಸ್ತಿದಾರರಾಗಿದ್ದಾರೆ ಎಂಬ ಒಂದೇ ಕಾರಣ, ಗುಂಪು ಸ್ವತಃ ಸುಸ್ತಿಯಲ್ಲಿಲ್ಲದಿದ್ದರೆ, ಇಡೀ ಗುಂಪಿಗೆ ಸಾಲ ನಿರಾಕರಿಸಲು ಸಾಮಾನ್ಯವಾಗಿ ಸಾಲದು.

ಮೊದಲ ಕಂತಿನ ಸಾಲದ ಲೆಕ್ಕ ಹೀಗಿದೆ. 15 ಮಂದಿಯ ಗುಂಪು ತಲಾ 50 ರೂ.ಗಳಂತೆ ಪ್ರತಿ ವಾರ ಉಳಿಸಿದರೆ 26 ವಾರಗಳಲ್ಲಿ 19,500 ರೂ. ಆಗುತ್ತದೆ. ಗುಂಪಿನ ಮೂಲನಿಧಿಯ 6 ಪಟ್ಟು ಅಥವಾ 1.5 ಲಕ್ಷ ರೂ., ಇವೆರಡರಲ್ಲಿ ಹೆಚ್ಚಿನದು ಮೊದಲ ಸಾಲದ ಪ್ರಮಾಣ. 19,500ರ 6 ಪಟ್ಟು 1,17,000 ರೂ. ಮಾತ್ರವಾದ್ದರಿಂದ ಈ ಗುಂಪು 1.5 ಲಕ್ಷ ರೂ.ಗಳನ್ನು ಕೇಳಬಹುದು. ಮೂಲನಿಧಿ ಎಂದರೆ ಬ್ಯಾಂಕಿನಲ್ಲಿ ಉಳಿದಿರುವ ಹಣವಷ್ಟೇ ಅಲ್ಲ. ಸದಸ್ಯರ ಉಳಿತಾಯ, ಸುತ್ತುನಿಧಿ, ಒಳಸಾಲದಿಂದ ಬಂದ ಬಡ್ಡಿ, ಇತರ ಆದಾಯ ಎಲ್ಲವೂ ಸೇರುತ್ತವೆ. ಖಾತೆಯಲ್ಲಿ 2,000 ರೂ. ಮಾತ್ರ ಇದ್ದು ಉಳಿದದ್ದು ಸದಸ್ಯರ ಕೈಯಲ್ಲಿ ಒಳಸಾಲವಾಗಿ ತಿರುಗುತ್ತಿದ್ದರೆ ಅದು ಗುಂಪಿನ ಲೋಪವಲ್ಲ, ಗುಂಪು ಜೀವಂತವಾಗಿದೆ ಎಂಬುದರ ಸೂಚನೆ. ಆದರೆ ಇದನ್ನು ಬ್ಯಾಂಕಿಗೆ ತೋರಿಸಲು ಪುಸ್ತಕ ಬೇಕು. ವಾರದ ಸಭೆ, ವಾರದ ಉಳಿತಾಯ, ಒಳಸಾಲ, ಮರುಪಾವತಿ, ಪುಸ್ತಕ ನಿರ್ವಹಣೆ ಎಂಬ ಪಂಚಸೂತ್ರಗಳಲ್ಲಿ ಕೊನೆಯದನ್ನು ಅನೇಕ ಗುಂಪುಗಳು ಬೇರೆಯವರಿಗೆ ವಹಿಸಿ ನಿಶ್ಚಿಂತರಾಗುತ್ತವೆ. ಬರೆಯುವುದು ಯಾರಾದರೂ ಆಗಬಹುದು, ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿಸಿ ಕೇಳಿಸಿಕೊಳ್ಳುವ ಕೆಲಸ ಮಾತ್ರ ಸದಸ್ಯರದೇ.

ಇನ್ನೊಂದು ಎಚ್ಚರಿಕೆ. ಗುಂಪಿನ ಹೆಸರಿನಲ್ಲಿ ಸಾಲ ಪಡೆದು ಅದನ್ನು ಒಬ್ಬರೇ ಬಳಸಿಕೊಳ್ಳುವುದು, ಅಥವಾ ಊರಿನ ಇನ್ನಾರಿಗೋ ಕೊಡುವುದು ಹಲವೆಡೆ ನಡೆಯುತ್ತದೆ. ಸಾಲಪತ್ರಕ್ಕೆ ಸಹಿ ಹಾಕಿದ ಎಲ್ಲರೂ ಅದಕ್ಕೆ ಬಾಧ್ಯರು. ಹಣವನ್ನು ಕಾಣದ ಸದಸ್ಯೆಯೂ ಬ್ಯಾಂಕಿನ ದಾಖಲೆಯಲ್ಲಿ ಸಾಲಗಾರಳೇ ಆಗಿರುತ್ತಾಳೆ, ಮುಂದೆ ತನ್ನ ಮಗಳ ಶಿಕ್ಷಣಕ್ಕೆ ಸಾಲ ಕೇಳಲು ಹೋದಾಗ ಈ ಹಳೆಯ ಬಾಕಿ ಎದುರಾಗಬಹುದು.

ಮೀನುಗಾರರ ಸಂಘಗಳು

ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ಮೀನಿನ ಸಂತಾನೋತ್ಪತ್ತಿಗಾಗಿ ಮತ್ತು ಮಳೆಗಾಲದ ಸಮುದ್ರದ ಅಪಾಯದಿಂದ ಈ ಕ್ರಮ ಅಗತ್ಯವಾದರೂ, ದೋಣಿಯಲ್ಲಿ ದುಡಿಯುವ ಕುಟುಂಬಕ್ಕೆ ಅದು ಎರಡು ತಿಂಗಳು ಆದಾಯವಿಲ್ಲದ ಕಾಲ. ಇದಕ್ಕಾಗಿಯೇ ಉಳಿತಾಯ ಮತ್ತು ಪರಿಹಾರ ಯೋಜನೆ ರೂಪುಗೊಂಡಿತು. 2020ರ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಮಾರ್ಗಸೂಚಿಯಲ್ಲಿ ಮೀನುಗಾರರ ಪಾಲನ್ನು 1,500 ರೂ., ಸರ್ಕಾರದ ಪಾಲನ್ನು 3,000 ರೂ., ಒಟ್ಟು 4,500 ರೂ. ಎಂದು ನಿಗದಿಪಡಿಸಲಾಯಿತು. ಆಯಾ ವರ್ಷದ ಮೊತ್ತ ಮತ್ತು ಪಾಲು ಕಟ್ಟಬೇಕಾದ ಕೊನೆಯ ದಿನಾಂಕವನ್ನು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿಕೊಳ್ಳತಕ್ಕದ್ದು.

ಮೊತ್ತ ದೊಡ್ಡದಲ್ಲವೆಂದು ಹಲವರು ಅಲಕ್ಷಿಸುತ್ತಾರೆ. ಆದರೆ ಈ ಪಟ್ಟಿಯಲ್ಲಿ ಹೆಸರಿರುವುದರ ಬೆಲೆ 4,500 ರೂ.ಗಳಿಗೆ ಮುಗಿಯುವುದಿಲ್ಲ. ಮೀನುಗಾರನು ಸಕ್ರಿಯ ಸಂಘವೊಂದರ ಸದಸ್ಯನೆಂಬುದಕ್ಕೆ, ವೃತ್ತಿಯಿಂದ ಮೀನುಗಾರನೆಂಬುದಕ್ಕೆ ಇಂತಹ ದಾಖಲೆಗಳೇ ಆಧಾರ. ಮತ್ಸ್ಯ ಸಂಪದ ಯೋಜನೆಯಡಿ ರೂಪಿಸಲಾದ ಗುಂಪು ಅಪಘಾತ ವಿಮೆಯಲ್ಲಿ ಮರಣ ಅಥವಾ ಶಾಶ್ವತ ಪೂರ್ಣ ಅಂಗವಿಕಲತೆಗೆ 5 ಲಕ್ಷ ರೂ., ಶಾಶ್ವತ ಭಾಗಶಃ ಅಂಗವಿಕಲತೆಗೆ 2.5 ಲಕ್ಷ ರೂ., ಅಪಘಾತದ ಆಸ್ಪತ್ರೆ ವೆಚ್ಚಕ್ಕೆ 25,000 ರೂ.ಗಳನ್ನು ನಿಗದಿಪಡಿಸಲಾಗಿದ್ದು, ಕಂತನ್ನು ಸರ್ಕಾರವೇ ಭರಿಸುವ ವ್ಯವಸ್ಥೆಯಿದೆ. ಮೀನುಗಾರರಿಂದ ಹಣ ಕೇಳದ ಈ ವಿಮೆಯಲ್ಲಿ ಮಾಡಬೇಕಾದ ಕೆಲಸ ಒಂದೇ, ಹೆಸರು ನೋಂದಾಯಿಸಿರುವುದು. ಸಂಘದ ರಿಜಿಸ್ಟರಿನಲ್ಲಿ ಅಡ್ಡಹೆಸರು, ಆಧಾರ್‌ನಲ್ಲಿ ಪೂರ್ಣ ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ರೀತಿಯ ಹೆಸರು ಇದ್ದು, ನಾಮನಿರ್ದೇಶಿತರ ಕಾಲಂ ಖಾಲಿ ಬಿಟ್ಟಿದ್ದರೆ ತೊಂದರೆಯಾಗುವುದು ಸದಸ್ಯನಿಗಲ್ಲ. ಅವನ ನಂತರ ಅರ್ಜಿ ಹಿಡಿದು ಬರುವ ಅವನ ಹೆಂಡತಿಗೆ. ಪ್ರತಿ ವರ್ಷ ನಿಷೇಧದ ಅವಧಿಯಲ್ಲಿ, ದೋಣಿಗಳು ದಡದಲ್ಲಿರುವಾಗ, ಸಂಘವು ಒಂದು ದಿನ ಕುಳಿತು ಸದಸ್ಯರ ಹೆಸರುಗಳನ್ನು ತಾಳೆ ನೋಡುವುದು ಸೂಕ್ತ.

ಒಳನಾಡಿನಲ್ಲಿ ಪ್ರಶ್ನೆ ಬೇರೆ. ದೊಡ್ಡ ಕೆರೆ ಮತ್ತು ಜಲಾಶಯಗಳ ಮೀನುಗಾರಿಕೆ ಹಕ್ಕು ಮೀನುಗಾರಿಕೆ ಇಲಾಖೆಯ ಬಳಿಯೂ, ಚಿಕ್ಕ ಕೆರೆಗಳದ್ದು ಗ್ರಾಮ ಪಂಚಾಯಿತಿಯ ಬಳಿಯೂ ಇರುತ್ತದೆ. ಗುತ್ತಿಗೆ ಕೇಳುವ ಮುನ್ನ ಕೆರೆ ಯಾರ ಸುಪರ್ದಿಯಲ್ಲಿದೆ ಎಂಬುದನ್ನು ಖಚಿತಪಡಿಸಿಕೊಂಡರೆ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುವುದು ತಪ್ಪುತ್ತದೆ.

ಉತ್ಪಾದಕರ ಕಂಪನಿಗಳು

ಬೆಳೆದದ್ದನ್ನು ಒಟ್ಟಾಗಿ ಮಾರಲು ಬಯಸುವ ರೈತರಿಗೆ ಸಹಕಾರ ಸಂಘವಲ್ಲದೆ ಉತ್ಪಾದಕರ ಕಂಪನಿಯ ಮಾರ್ಗವೂ ಇದೆ. 2003ರಲ್ಲಿ ಕಂಪನಿ ಕಾಯ್ದೆಗೆ ಸೇರಿಸಲಾದ ಈ ಸ್ವರೂಪದಲ್ಲಿ ಕನಿಷ್ಠ 10 ಮಂದಿ ಉತ್ಪಾದಕರು ಕಂಪನಿ ಸ್ಥಾಪಿಸಬಹುದು. ನಿರ್ದೇಶಕರು 5ಕ್ಕಿಂತ ಕಡಿಮೆ, 15ಕ್ಕಿಂತ ಹೆಚ್ಚು ಇರುವಂತಿಲ್ಲ. 10,000 ರೈತ ಉತ್ಪಾದಕರ ಸಂಸ್ಥೆಗಳನ್ನು ರಚಿಸುವ ಕೇಂದ್ರ ಸರ್ಕಾರದ ಯೋಜನೆ 2020ರಲ್ಲಿ ಆರಂಭವಾಗಿ, ಆ ಸಂಖ್ಯೆಯನ್ನು 2025ರ ಫೆಬ್ರವರಿಯಲ್ಲಿ ತಲುಪಿತು. ಬಯಲು ಪ್ರದೇಶದಲ್ಲಿ ಕನಿಷ್ಠ 300 ಸದಸ್ಯರಿರುವ ಸಂಸ್ಥೆಗೆ 3 ವರ್ಷಗಳ ನಿರ್ವಹಣಾ ವೆಚ್ಚವಾಗಿ ಗರಿಷ್ಠ 18 ಲಕ್ಷ ರೂ., ಸದಸ್ಯರು ಹಾಕಿದ ಷೇರಿಗೆ ಸಮನಾಗಿ ತಲಾ 2,000 ರೂ. ಮೀರದಂತೆ ಒಟ್ಟು 15 ಲಕ್ಷ ರೂ.ವರೆಗೆ ಷೇರು ಅನುದಾನ ಎಂದು ಅದರಲ್ಲಿ ನಿಗದಿಯಾಗಿತ್ತು.

ನಿರ್ವಹಣಾ ವೆಚ್ಚದ ನೆರವು ಮುಗಿದ ಮೇಲೆ ಕಾರ್ಯನಿರ್ವಾಹಕನ ಸಂಬಳ, ಲೆಕ್ಕಪರಿಶೋಧಕರ ಶುಲ್ಕ, ಕಚೇರಿ ಬಾಡಿಗೆ ಎಲ್ಲವೂ ವ್ಯಾಪಾರದ ಲಾಭದಿಂದಲೇ ಹುಟ್ಟಬೇಕು. ವ್ಯಾಪಾರವೇ ಇಲ್ಲದ ಕಂಪನಿಯೂ ವಾರ್ಷಿಕ ವಿವರಪಟ್ಟಿ ಮತ್ತು ಲೆಕ್ಕಪತ್ರ ಸಲ್ಲಿಸಲೇಬೇಕು. ಸತತ 3 ವರ್ಷ ಸಲ್ಲಿಸದಿದ್ದಲ್ಲಿ ಅದರ ನಿರ್ದೇಶಕರು 5 ವರ್ಷಗಳ ಕಾಲ ಅನರ್ಹರಾಗುತ್ತಾರೆ. ಊರಿನಲ್ಲಿ ಗೌರವವೆಂದು ನಿರ್ದೇಶಕ ಸ್ಥಾನ ಒಪ್ಪಿಕೊಳ್ಳುವ ಹಿರಿಯರಿಗೆ ಈ ಮಾತನ್ನು ಮುಂಚಿತವಾಗಿ ತಿಳಿಸುವವರು ವಿರಳ. ಸಂಖ್ಯೆ ಕಡಿಮೆಯಿದ್ದು, ಉದ್ದೇಶ ಕೃಷಿ ಸಾಲವಷ್ಟೇ ಆಗಿದ್ದರೆ ಕಂಪನಿಯ ಗೊಡವೆ ಬೇಡ. 4ರಿಂದ 10 ಮಂದಿಯ ಜಂಟಿ ಬಾಧ್ಯತಾ ಗುಂಪು ಸಾಕಾಗುತ್ತದೆ, ಅದಕ್ಕೂ ನೋಂದಣಿ ಬೇಕಿಲ್ಲ.

ಯುವ ಸಂಘಗಳು

ಯುವಕ ಸಂಘ, ಯುವತಿ ಮಂಡಳಿಗಳು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಕನಿಷ್ಠ 7 ಸದಸ್ಯರೊಂದಿಗೆ ನೋಂದಣಿಯಾಗುತ್ತವೆ. ಕ್ರೀಡೆ, ಸಂಸ್ಕೃತಿ, ಗ್ರಂಥಾಲಯ, ಸೇವಾ ಚಟುವಟಿಕೆಗಳಿಗೆ ಇದು ಸರಿಯಾದ ಸ್ವರೂಪ. ಲಾಭವನ್ನು ಸದಸ್ಯರು ಹಂಚಿಕೊಳ್ಳುವ ವ್ಯವಹಾರಕ್ಕೆ ಇದು ಒದಗುವುದಿಲ್ಲ. ಆದ್ದರಿಂದ ಕುರಿ ಸಾಕಣೆಗೋ, ಯಂತ್ರೋಪಕರಣ ಬಾಡಿಗೆ ಕೇಂದ್ರಕ್ಕೋ ನೆರವು ಬಯಸುವ ಯುವಕರು ಯುವಕ ಸಂಘದ ಹೆಸರಿನಲ್ಲಿ ಅರ್ಜಿ ಹಾಕದೆ ಮೇಲೆ ವಿವರಿಸಿದ ಬೇರೆ ಸ್ವರೂಪವೊಂದನ್ನು ಆರಿಸಿಕೊಳ್ಳತಕ್ಕದ್ದು. ಒಮ್ಮೆ ನೋಂದಣಿಯಾದ ಮೇಲೆ ಪ್ರತಿವರ್ಷ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಜಿಲ್ಲಾ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಹತ್ತು ವರ್ಷ ಸುಮ್ಮನಿದ್ದು ಅನುದಾನದ ಪ್ರಕಟಣೆ ಬಂದಾಗ ಹಳೆಯ ಪ್ರಮಾಣಪತ್ರದ ಪ್ರತಿಯನ್ನು ಲಗತ್ತಿಸಿದರೆ ಅರ್ಜಿ ಮುಂದುವರಿಯುವುದಿಲ್ಲ.

ಸಹಾಯಧನ ಮತ್ತು ಸ್ವಂತ ಪಾಲು

ಸಹಾಯಧನವೆಂದರೆ ಘಟಕದ ಪೂರ್ಣ ವೆಚ್ಚವಲ್ಲ. ಉದಾಹರಣೆಗೆ, ಮತ್ಸ್ಯ ಸಂಪದ ಯೋಜನೆಯಲ್ಲಿ ಫಲಾನುಭವಿ ಆಧಾರಿತ ಘಟಕಗಳಿಗೆ ಸಾಮಾನ್ಯ ವರ್ಗದವರಿಗೆ ಶೇ. 40, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಮಹಿಳೆಯರಿಗೆ ಶೇ. 60 ಎಂದು ನಿಗದಿಪಡಿಸಲಾಯಿತು. 5 ಲಕ್ಷ ರೂ. ವೆಚ್ಚದ ಘಟಕಕ್ಕೆ ಮಹಿಳೆಯೊಬ್ಬರು 2 ಲಕ್ಷ ರೂ.ಗಳನ್ನು ತಾವೇ ಹೊಂದಿಸಬೇಕಾಯಿತು ಎಂದರ್ಥ. ಮೇಲಾಗಿ ಹಲವು ಯೋಜನೆಗಳಲ್ಲಿ ಕೆಲಸ ಪೂರ್ಣಗೊಂಡು ಪರಿಶೀಲನೆಯಾದ ನಂತರ, ಅಥವಾ ಬ್ಯಾಂಕ್ ಸಾಲದ ಕೊನೆಯ ಕಂತುಗಳಿಗೆ ಹೊಂದಾಣಿಕೆಯಾಗಿ, ಸಹಾಯಧನ ಬರುತ್ತದೆ. ಆ ನಡುವಿನ ತಿಂಗಳುಗಳಿಗೆ ಕೈಸಾಲ ಮಾಡಿ, ಸಹಾಯಧನದ ಬಹುಭಾಗವನ್ನು ಅದರ ಬಡ್ಡಿಗೇ ಕಟ್ಟುವ ಪರಿಸ್ಥಿತಿ ಬಾರದಂತೆ ಸ್ವಂತ ಪಾಲಿನ ಹಣ ಎಲ್ಲಿಂದ ಬರುತ್ತದೆಂಬುದನ್ನು ಅರ್ಜಿಗೆ ಮೊದಲೇ ಕಾಗದದ ಮೇಲೆ ಬರೆದು ನೋಡಬೇಕು.

ದಾಖಲೆಗಳು

ಸಂಘದ ಅರ್ಜಿಯೊಂದಿಗೆ ಸಾಮಾನ್ಯವಾಗಿ ಬೇಕಾಗುವುದು ಅರ್ಜಿ ಸಲ್ಲಿಸಲು ಸಭೆ ಕೈಗೊಂಡ ನಿರ್ಣಯದ ಪ್ರತಿ, ಸದಸ್ಯರ ಪಟ್ಟಿ, ಬ್ಯಾಂಕ್ ಪಾಸ್‌ಪುಸ್ತಕ, ನೋಂದಣಿಯಾದ ಸಂಸ್ಥೆಯಾದರೆ ಪ್ರಮಾಣಪತ್ರ, ಉಪವಿಧಿ ಮತ್ತು ಲೆಕ್ಕಪರಿಶೋಧನಾ ವರದಿ. ಕೃಷಿಗೆ ಸಂಬಂಧಿಸಿದ ಸವಲತ್ತುಗಳಿಗೆ ಸದಸ್ಯರ ಫ್ರೂಟ್ಸ್ ಗುರುತಿನ ಸಂಖ್ಯೆ ಬೇಕು. ಪಹಣಿ ಇನ್ನೂ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿದ್ದರೆ ಪೌತಿ ಖಾತೆ ಮಾಡಿಸಿಕೊಳ್ಳುವ ಕೆಲಸ ಮೊದಲಾಗಲಿ. ಅಧ್ಯಕ್ಷರು ಅಥವಾ ಕಾರ್ಯದರ್ಶಿ ಬದಲಾದಾಗ ನಿರ್ಣಯದ ಪ್ರತಿಯೊಂದಿಗೆ ಬ್ಯಾಂಕಿಗೆ ಹೋಗಿ ಸಹಿ ಬದಲಾಯಿಸದಿದ್ದರೆ ಮಂಜೂರಾದ ಹಣ ಖಾತೆಯಲ್ಲಿದ್ದೂ ತೆಗೆಯಲಾಗುವುದಿಲ್ಲ. ಅನುದಾನ ಪಡೆದವರು ಹಣ ಬಳಕೆ ಪ್ರಮಾಣಪತ್ರವನ್ನು ರಸೀದಿಗಳ ಸಹಿತ ಸಲ್ಲಿಸಬೇಕು. ಹಿಂದಿನ ಅನುದಾನದ ಪ್ರಮಾಣಪತ್ರ ಬಾಕಿಯಿದ್ದರೆ ಮುಂದಿನ ಕಂತು ನಿಲ್ಲುತ್ತದೆ. ಸಹಕಾರ ಸಂಘಗಳು ಆರ್ಥಿಕ ವರ್ಷ ಮುಗಿದ 6 ತಿಂಗಳೊಳಗೆ ವಾರ್ಷಿಕ ಮಹಾಸಭೆ ನಡೆಸಿ ಲೆಕ್ಕ ಮಂಡಿಸಬೇಕು. ಆ ಸಭೆಗೆ ಬಂದು ಲೆಕ್ಕ ಕೇಳುವುದು ಪ್ರತಿಯೊಬ್ಬ ಸದಸ್ಯರ ಅಧಿಕಾರ, ಊಟಕ್ಕೆ ಮಾತ್ರ ಬರುವುದಲ್ಲ.

ಅರ್ಜಿಯ ವಿಲೇವಾರಿ

ಮಧ್ಯವರ್ತಿಗಳಿಗೆ ಹಣ ಕೊಡಬೇಕಾದ ಅಗತ್ಯ ಯಾವ ಯೋಜನೆಯಲ್ಲಿಯೂ ಇಲ್ಲ. ಅರ್ಜಿ ಸಲ್ಲಿಸಿದ ಪ್ರತಿಯೊಬ್ಬರೂ ಸ್ವೀಕೃತಿ ಪಡೆಯತಕ್ಕದ್ದು. ಕೋರಿದ ಸೇವೆಯು 2011ರ ನಾಗರಿಕ ಸೇವೆಗಳ ಖಾತರಿ ಕಾಯ್ದೆಯ, ಅಂದರೆ 'ಸಕಾಲ'ದ ಪಟ್ಟಿಯಲ್ಲಿದ್ದರೆ ಸ್ವೀಕೃತಿಯಲ್ಲಿ 15 ಅಂಕಿಗಳ ಸಂಖ್ಯೆ ಇರುತ್ತದೆ. ನಿಗದಿತ ಅವಧಿ ಮೀರಿದರೆ ಆ ಸಂಖ್ಯೆಯನ್ನು ನಮೂದಿಸಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನವೊಂದಕ್ಕೆ 20 ರೂ.ಗಳಂತೆ ಗರಿಷ್ಠ 500 ರೂ. ಪರಿಹಾರ ವೆಚ್ಚ ಪಡೆಯಲು ಅವಕಾಶವಿದೆ. ಸಕಾಲದ ಪಟ್ಟಿಯಲ್ಲಿಲ್ಲದ ಯೋಜನೆಗಳಲ್ಲಿ ಅರ್ಜಿ ಏನಾಯಿತು, ಫಲಾನುಭವಿಗಳ ಆಯ್ಕೆ ಹೇಗೆ ನಡೆಯಿತು ಎಂಬುದನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂ. ಶುಲ್ಕದೊಂದಿಗೆ ಕೇಳಬಹುದು. 30 ದಿನಗಳೊಳಗೆ ಉತ್ತರ ನೀಡಬೇಕು. ಬಡತನ ರೇಖೆಗಿಂತ ಕೆಳಗಿರುವ ಅರ್ಜಿದಾರರು ಅದಕ್ಕೆ ಸಂಬಂಧಿಸಿದ ಕಾರ್ಡಿನ ಪ್ರತಿಯನ್ನು ಲಗತ್ತಿಸಿದಲ್ಲಿ ಈ ಶುಲ್ಕವನ್ನೂ ಪಾವತಿಸಬೇಕಾಗಿಲ್ಲ.